ಎಕ್ಸೈಲ್ ತಂಡ ರಾಕ್ ಬಿಟ್ಟು ಕಂಟ್ರಿ ಹಿಡಿದದ್ದು ದುಡ್ಡಿಗಾಗಿಯೇ?

ಓದುಗರ ಪ್ರಶ್ನೆ: ಉದ್ಯೋಗದ ನಿಮಿತ್ತ ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನ್ನಾಟಿಯಲ್ಲಿದ್ದೇನೆ. ನಮ್ಮ ತಂದೆಯವರ ಬಳಿ ಇಂಗ್ಲಿಷ್ ಹಾಡುಗಳ ಹಳೆಯ ಕ್ಯಾಸೆಟ್ ಒಂದಿತ್ತು. ಅದರಲ್ಲಿದ್ದ ಎಕ್ಸೈಲ್ ತಂಡದ ‘ಕಿಸ್ ಯು ಆಲ್ ಓವರ್’ ಹಾಡು ನನಗೆ ಅಂದಿನಿಂದಲೂ ಬಹಳ ಇಷ್ಟ. ಈಚೆಗೆ ಇಲ್ಲಿನ ಹಳೆಯ ರೆಕಾರ್ಡ್‌ಗಳ ಅಂಗಡಿಯಲ್ಲಿ ಅದೇ ಹೆಸರಿನ ತಂಡದ ‘ಕೆಂಟಕಿ ಹಾರ್ಟ್ಸ್’ ಎಂಬ ಎಲ್‌ಪಿ ಸಿಕ್ಕಿತು. ಮನೆಗೆ ತಂದು ಕೇಳಿದರೆ ಪೂರ್ತಿ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಮೂಲದ ಸಂಗೀತ! ಎರಡೂ ಒಂದೇ ತಂಡವೇ? ಕೆಂಟಕಿಯವರೇ ಆದ ನನ್ನ ಸಹೋದ್ಯೋಗಿಯೊಬ್ಬರು, ‘ಅವರು ರಾಕ್‌ನಲ್ಲಿ ಸೋತು ದುಡ್ಡಿಗಾಗಿ ಕೌಬಾಯ್ ಟೋಪಿ ಹಾಕಿಕೊಂಡವರು, ಅಲಬಾಮಾ ತಂಡದ ಹಾಡುಗಳನ್ನೂ ನಕಲು ಮಾಡಿದ್ದಾರೆ’ ಎನ್ನುತ್ತಾರೆ. ಇದು ನಿಜವೇ? ಈ ತಂಡದ ಧ್ವನಿಮುದ್ರಿಕೆಗಳನ್ನು ಸಂಗ್ರಹಿಸುವ ಆಸೆ ಇದೆ. ಆದರೆ ಇಂಟರ್‌ನೆಟ್‌ನಲ್ಲಿ ಸಿಗುವ ಕೆಲವು ಪ್ರತಿಗಳಲ್ಲಿ ಹಾಡು ಅದೇ ಇದ್ದರೂ ದನಿ ಬೇರೆ ಕೇಳಿಸುತ್ತದೆ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡೂ ಒಂದೇ ತಂಡ. 1978ರಲ್ಲಿ ಅಮೆರಿಕದ ಪಾಪ್ ಪಟ್ಟಿಯ ಅಗ್ರಸ್ಥಾನದಲ್ಲಿ ನಾಲ್ಕು ವಾರ ನಿಂತ ಎಕ್ಸೈಲ್ ಮತ್ತು 1984ರಲ್ಲಿ ‘ಕೆಂಟಕಿ ಹಾರ್ಟ್ಸ್’ ಹೊರತಂದ ಎಕ್ಸೈಲ್ ಬೇರೆಬೇರೆಯಲ್ಲ. ಹೆಸರನ್ನು ಯಾರೋ ಕೊಂಡುಕೊಂಡು ಹೊಸಬರನ್ನು ಕಟ್ಟಿಕೊಂಡ ಪ್ರಸಂಗವೂ ಅಲ್ಲ. ನಿಮ್ಮ ಮನಸ್ಸನ್ನು ಕೊರೆಯುತ್ತಿರುವುದು ಅದಲ್ಲವೆಂದು ನಿಮ್ಮ ಪತ್ರವೇ ಹೇಳುತ್ತದೆ. ಬಾಲ್ಯದಿಂದ ಪ್ರೀತಿಸಿದ ದನಿಯೊಂದು ಲಾಭದ ಲೆಕ್ಕ ಹಾಕಿ ತನ್ನ ಸಂಗೀತವನ್ನೇ ಬದಲಿಸಿತೆಂದು ಕೇಳಿದಾಗ ಆಗುವ ಕಸಿವಿಸಿ ಅದು. ಹಳೆಯ ಧ್ವನಿಮುದ್ರಿಕೆಗಳನ್ನು ವರ್ಗೀಕರಿಸುವುದು, ಡಿಜಿಟಲ್ ರೂಪಕ್ಕೆ ಇಳಿಸುವುದು ನನ್ನ ವೃತ್ತಿಯಾದ್ದರಿಂದ ಇಂತಹ ಪ್ರಶ್ನೆ ಬಂದಾಗಲೆಲ್ಲ ನಾನು ಮೊದಲು ನೋಡುವುದು ತಟ್ಟೆಯ ನಡುವಿನ ಲೇಬಲ್ಲನ್ನು. ಹಾಡಿದವರ ಹೆಸರು ದಪ್ಪಕ್ಷರದಲ್ಲಿರುತ್ತದೆ. ಹಾಡಿನ ಶೀರ್ಷಿಕೆಯ ಕೆಳಗೆ ಕಂಸದೊಳಗೆ ಸಣ್ಣಕ್ಷರದಲ್ಲಿ ಬರೆದವರ ಹೆಸರಿರುತ್ತದೆ. ಎಕ್ಸೈಲ್ ತಂಡದ ಇಡೀ ಕಥೆ ಆ ಸಣ್ಣಕ್ಷರಗಳಲ್ಲಿದೆ. ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಅಲ್ಲ ಎಂಬುದನ್ನೂ ಅವೇ ತೋರಿಸಿಕೊಡುತ್ತವೆ.

ತಂಡ ಹುಟ್ಟಿದ್ದು 1963ರಲ್ಲಿ, ಕೆಂಟಕಿ ರಾಜ್ಯದ ರಿಚ್ಮಂಡ್ ಎಂಬ ಊರಿನಲ್ಲಿ. ಆಗ ಅದರ ಹೆಸರು ‘ದಿ ಎಕ್ಸೈಲ್ಸ್’. ಹೈಸ್ಕೂಲು ವಯಸ್ಸಿನ ಹುಡುಗರು ಸೇರಿ ಕಟ್ಟಿದ ಈ ತಂಡದ ಮುಖ್ಯ ಗಾಯಕ ಜಿಮ್ಮಿ ಸ್ಟೋಕ್ಲಿ. ಗಿಟಾರ್ ವಾದಕ ಜೆ.ಪಿ. ಪೆನ್ನಿಂಗ್ಟನ್ ಮುಂದೆ ತಂಡದ ಬೆನ್ನೆಲುಬಾದವರು. 1960ರ ದಶಕದ ನಡುವಿನಲ್ಲಿ ಟಿವಿ ನಿರೂಪಕ ಡಿಕ್ ಕ್ಲಾರ್ಕ್ ನಡೆಸುತ್ತಿದ್ದ ಸಂಚಾರಿ ಕಾರ್ಯಕ್ರಮಗಳಲ್ಲಿ, ಆ ಕಾಲದ ಜನಪ್ರಿಯ ಗಾಯಕರ ಜೊತೆ ಇವರು ಊರೂರು ಸುತ್ತಿದರು. 1973ರಲ್ಲಿ ಹೆಸರು ‘ಎಕ್ಸೈಲ್’ ಎಂದು ಚಿಕ್ಕದಾಯಿತು. ಅದೇ ವರ್ಷ ವುಡನ್ ನಿಕಲ್ ಎಂಬ ಸಣ್ಣ ಕಂಪನಿಯಿಂದ ಮೊದಲ ಎಲ್‌ಪಿ ಬಂತು. 1977ರಲ್ಲಿ ಆ್ಯಟ್ಕೊ ಕಂಪನಿಗಾಗಿ ಮಾಡಿದ ‘ಟ್ರೈ ಇಟ್ ಆನ್’ ನೂರು ಹಾಡುಗಳ ಪಟ್ಟಿಯ ತೀರಾ ಕೆಳತುದಿಯಲ್ಲಿ ಕಾಣಿಸಿಕೊಂಡು ಮರೆಯಾಯಿತು. ಅಂದರೆ ನಿಮ್ಮ ತಂದೆಯವರ ಕ್ಯಾಸೆಟ್ಟಿನ ಆ ಹಾಡಿಗೆ ಮೊದಲೇ ತಂಡ ಹತ್ತು ಹದಿನೈದು ವರ್ಷ ದುಡಿದಿತ್ತು. ಒಂದೇ ಹಾಡಿನಿಂದ ರಾತ್ರೋರಾತ್ರಿ ಬೆಳಗಿದವರು ಎಂಬ ಪರಿಚಯವನ್ನು ನೀವು ಎಲ್ಲಿ ಓದಿದರೂ ನಂಬಬೇಡಿ.

ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಪೆನ್ನಿಂಗ್ಟನ್ ಅವರ ತಾಯಿ ಲಿಲಿ ಮೇ ಲೆಡ್‌ಫರ್ಡ್. ಬ್ಯಾಂಜೊ ಮತ್ತು ಫಿಡಲ್ ನುಡಿಸುತ್ತಿದ್ದ ಈಕೆ, ‘ಕೂನ್ ಕ್ರೀಕ್ ಗರ್ಲ್ಸ್’ ಎಂಬ, ಹೆಣ್ಣುಮಕ್ಕಳೇ ನುಡಿಸಿ ಹಾಡುತ್ತಿದ್ದ ತಂಡದ ಪ್ರಮುಖ ಕಲಾವಿದೆ. 1939ರ ಜೂನ್‌ನಲ್ಲಿ ಬ್ರಿಟನ್ನಿನ ದೊರೆ ಆರನೆಯ ಜಾರ್ಜ್ ಮತ್ತು ರಾಣಿ ಶ್ವೇತಭವನಕ್ಕೆ ಬಂದಾಗ ಅಧ್ಯಕ್ಷ ರೂಸ್‌ವೆಲ್ಟ್ ದಂಪತಿಗಳ ಎದುರು ಈ ತಂಡದ ಕಾರ್ಯಕ್ರಮ ನಡೆದಿತ್ತು. ನೀವಿರುವ ಸಿನ್ಸಿನ್ನಾಟಿಗೂ ಇದಕ್ಕೂ ನಂಟಿದೆ: ಆ ಹೆಣ್ಣುಮಕ್ಕಳು ರೇಡಿಯೊದಲ್ಲಿ ಹಾಡುತ್ತಿದ್ದ ‘ರೆನ್ಫ್ರೊ ವ್ಯಾಲಿ ಬಾರ್ನ್ ಡ್ಯಾನ್ಸ್’ ಕಾರ್ಯಕ್ರಮ 1937ರಲ್ಲಿ ಶುರುವಾದದ್ದು ನಿಮ್ಮ ಊರಿನಲ್ಲೇ, ಎರಡು ವರ್ಷಗಳ ಬಳಿಕ ಅದು ಕೆಂಟಕಿಯ ರೆನ್ಫ್ರೊ ವ್ಯಾಲಿಗೆ ಸ್ಥಳಾಂತರಗೊಂಡಿತು. ಹಾಗಾಗಿ ಕಂಟ್ರಿ ಸಂಗೀತ ಪೆನ್ನಿಂಗ್ಟನ್ ಅವರಿಗೆ 1983ರಲ್ಲಿ ಅಂಗಡಿಯಿಂದ ಕೊಂಡು ತಂದ ಟೋಪಿಯಾಗಿರಲಿಲ್ಲ. ಇದನ್ನು ಅತಿಯಾಗಿ ಹಿಗ್ಗಿಸುವುದೂ ಸರಿಯಲ್ಲ. ತಾಯಿ ಹಾಡಿದ್ದನ್ನು ಮಗ ಹಾಡಲೇಬೇಕೆಂಬ ನಿಯಮವೇನೂ ಇಲ್ಲ. 1960ರ ದಶಕದ ಎಲ್ಲ ಹರೆಯದ ಹುಡುಗರಂತೆ ಆತನಿಗೂ ಬೇಕಾಗಿದ್ದದ್ದು ರಾಕ್. ಅವರು ಮರಳಿ ಮನೆಗೆ ಬಂದರು ಎಂದು ಮೃದುವಾಗಿ ಬರೆಯುವವರಿದ್ದಾರೆ. ಅಷ್ಟು ಹೇಳಿ ನಿಲ್ಲಿಸಿದರೆ ನಡುವೆ ನಡೆದ ವ್ಯವಹಾರವೆಲ್ಲ ಕಣ್ಮರೆಯಾಗುತ್ತದೆ.

ಇನ್ನು 1978ಕ್ಕೆ ಬರೋಣ. ಆಸ್ಟ್ರೇಲಿಯಾ ಮೂಲದ ನಿರ್ಮಾಪಕ ಮೈಕ್ ಚಾಪ್‌ಮನ್ ತನ್ನ ಜೊತೆಗಾರ ನಿಕಿ ಚಿನ್ ಅವರೊಂದಿಗೆ ಸೇರಿ ಬ್ರಿಟನ್ನಿನಲ್ಲಿ ಸ್ವೀಟ್, ಸೂಜಿ ಕ್ವಾಟ್ರೊ, ಮಡ್, ಸ್ಮೋಕಿ ಮುಂತಾದವರಿಗೆ ಒಂದರ ಮೇಲೊಂದು ಯಶಸ್ವಿ ಹಾಡು ಬರೆದುಕೊಟ್ಟಿದ್ದರು. ಅಮೆರಿಕದಲ್ಲಿ ಬೇರೂರಲು ಹೊರಟ ಚಾಪ್‌ಮನ್ ಎಕ್ಸೈಲನ್ನು ಆರಿಸಿಕೊಂಡರು. ವಾರ್ನರ್ ಮತ್ತು ಕರ್ಬ್ ಜಂಟಿ ಲೇಬಲ್ಲಿನಲ್ಲಿ ಬಂದ ‘ಕಿಸ್ ಯು ಆಲ್ ಓವರ್’ ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಪಾಪ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಒಂದೇ ಸಮನೆ ಮಿಡಿಯುವ ಕೀಬೋರ್ಡ್, ಡಿಸ್ಕೊಗೆ ಹತ್ತಿರವಾದರೂ ಅದಕ್ಕಿಂತ ನಿಧಾನವಾದ ತಾಳ, ಕಿವಿಯ ಬಳಿ ಬಂದು ಹಾಡುವಂತಹ ಒರಟು ದನಿ: ಧ್ವನಿಮುದ್ರಣದ ದೃಷ್ಟಿಯಿಂದ ಅದು ಬಹಳ ಜಾಣತನದ ಕೆಲಸ, ಇಂದಿಗೂ ಹಳಸಿಲ್ಲ. ಆದರೆ ಲೇಬಲ್ಲನ್ನು ಓದಿ. ಬರೆದವರು ಚಿನ್ ಮತ್ತು ಚಾಪ್‌ಮನ್, ನಿರ್ಮಿಸಿದವರು ಚಾಪ್‌ಮನ್. ಅದರ ಹಿಂದೆಯೇ ಬಂದು 40ನೆಯ ಸ್ಥಾನದಲ್ಲಿ ನಿಂತುಹೋದ ‘ಯು ಥ್ರಿಲ್ ಮಿ’ ಕೂಡ ಅದೇ ಜೋಡಿಯದು. ಲೋಕಕ್ಕೆ ತಂಡದ ಗುರುತಾಗಿ ನಿಂತ ಹಾಡನ್ನು ತಂಡ ಬರೆದೇ ಇರಲಿಲ್ಲ.

ಇದರಿಂದ ಏನು ವ್ಯತ್ಯಾಸವಾಗುತ್ತದೆ ಎಂದು ನೀವು ಕೇಳಬಹುದು. ಬಹಳ ವ್ಯತ್ಯಾಸವಾಗುತ್ತದೆ. ಅಮೆರಿಕದ ಎಎಂ, ಎಫ್ಎಂ ರೇಡಿಯೊ ಕೇಂದ್ರಗಳು ಹಾಡು ಪ್ರಸಾರ ಮಾಡಿದಾಗ ಹಾಡು ಬರೆದವರಿಗೆ ಮತ್ತು ಅದರ ಪ್ರಕಾಶಕರಿಗೆ ರಾಯಧನ ಕೊಡುತ್ತವೆ. ಹಾಡಿದವರಿಗೆ, ನುಡಿಸಿದವರಿಗೆ ಏನನ್ನೂ ಕೊಡುವುದಿಲ್ಲ. ಅನೇಕ ದೇಶಗಳಲ್ಲಿ ಹೀಗಿಲ್ಲ, ಅಮೆರಿಕದಲ್ಲಿ ಇಂದಿಗೂ ಹೀಗೆಯೇ ಇದೆ. ‘ಕಿಸ್ ಯು ಆಲ್ ಓವರ್’ ಆ ದೇಶದ ರೇಡಿಯೊದಲ್ಲಿ ಎಷ್ಟು ಸಲ ಮೊಳಗಿದರೂ ಆ ಪ್ರಸಾರದ ಹಣ ಸ್ಟೋಕ್ಲಿಗೂ ಇಲ್ಲ, ಪೆನ್ನಿಂಗ್ಟನ್‌ಗೂ ಇಲ್ಲ. ಅವರ ಪಾಲಿಗೆ ಉಳಿದದ್ದು ರೆಕಾರ್ಡ್ ಮಾರಾಟದಲ್ಲಿ ಕಂಪನಿಯ ಖರ್ಚುವೆಚ್ಚ ಕಳೆದು ಬರುವ ಭಾಗ ಮತ್ತು ವೇದಿಕೆಯ ಸಂಭಾವನೆ. ಹಾಗಾಗಿ ದೊಡ್ಡ ಹಾಡೊಂದನ್ನು ಹಾಡಿದ ತಂಡವೂ ನಾಲ್ಕೈದು ವರ್ಷಗಳಲ್ಲಿ ಕೈ ಬರಿದಾಗಿ ಕೂರುವುದು ಅಲ್ಲಿ ಅಪರೂಪವೇನಲ್ಲ.

ಮುಂದಿನ ಎರಡು ಮೂರು ವರ್ಷಗಳಲ್ಲಿ ಎಕ್ಸೈಲ್‌ಗೆ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಚಾಪ್‌ಮನ್ ಅವರ ಕೈ ತುಂಬ ಕೆಲಸವಿತ್ತು. ‘ಕಿಸ್ ಯು ಆಲ್ ಓವರ್’ ಹಾಡನ್ನು ಅಗ್ರಸ್ಥಾನದಿಂದ ಕೆಳಗಿಳಿಸಿದ ನಿಕ್ ಗಿಲ್ಡರ್ ಅವರ ಹಾಡಿಗೂ ಅವರೇ ನಿರ್ಮಾಪಕರು; ಅದೇ ವರ್ಷ ಬ್ಲಾಂಡಿ, ಮರುವರ್ಷ ದಿ ನ್ಯಾಕ್ ತಂಡ. ತಾನು ಬರೆಯದ ಹಾಡಿನಿಂದ ಗೆದ್ದ ತಂಡಕ್ಕೆ ಬರೆದುಕೊಡುವವರ ಗಮನ ಬೇರೆಡೆ ಹರಿದರೆ ಆಸರೆ ಎಲ್ಲಿದೆ? ಅಷ್ಟರಲ್ಲಿ ಡಿಸ್ಕೊ ವಿರೋಧಿ ಅಲೆ ಎದ್ದಿತು. 1979ರ ಜುಲೈ 12ರಂದು ಷಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡ್‌ಗಳ ರಾಶಿಯನ್ನೇ ಸಿಡಿಸಲಾಯಿತು. ಎಕ್ಸೈಲ್ ಡಿಸ್ಕೊ ತಂಡವಾಗಿರಲಿಲ್ಲ, ಆದರೆ ಅವರ ಒಂದೇ ದೊಡ್ಡ ಹಾಡು ಡಿಸ್ಕೊ ಕೂಟಗಳಲ್ಲಿ ಮೊಳಗಿದ್ದರಿಂದ ರೇಡಿಯೊದವರ ಕಣ್ಣಿಗೆ ಅವರು ಹಾಗೆಯೇ ಕಂಡರು. 1979ರಲ್ಲಿ ಸ್ಟೋಕ್ಲಿ ತಂಡದಿಂದ ಹೊರಟರು. 1985ರಲ್ಲಿ, ಇನ್ನೂ ನಡುವಯಸ್ಸಿನಲ್ಲೇ, ಅವರು ತೀರಿಕೊಂಡರು. ಆ ದನಿಯನ್ನು ಪ್ರೀತಿಸಿದ ನಿಮಗೆ ಈ ಸುದ್ದಿ ನೋವು ತರುತ್ತದೆಂದು ಬಲ್ಲೆ. ಕೊಳ್ಳುವಾಗ ಈ ಒಂದು ಸಂಗತಿಯೇ ನಿಮ್ಮ ನೆರವಿಗೂ ಬರುತ್ತದೆ, ಅದನ್ನು ಮುಂದೆ ಹೇಳುತ್ತೇನೆ. 1981ರ ‘ಹಾರ್ಟ್ ಆ್ಯಂಡ್ ಸೋಲ್’ ಚಿನ್ ಮತ್ತು ಚಾಪ್‌ಮನ್ ಬರೆದ ಒಳ್ಳೆಯ ಹಾಡು. ಎಕ್ಸೈಲ್ ಹಾಡಿದಾಗ ಅದು ಹೆಚ್ಚು ದೂರ ಹೋಗಲಿಲ್ಲ. ಎರಡು ವರ್ಷಗಳ ಬಳಿಕ ಹ್ಯೂಯಿ ಲೂಯಿಸ್ ಹಾಡಿದಾಗ ಪಾಪ್ ಪಟ್ಟಿಯ ಎಂಟನೆಯ ಸ್ಥಾನಕ್ಕೇರಿತು. ತಂಡ ಸೋತದ್ದು ಸಾಮರ್ಥ್ಯದ ಕೊರತೆಯಿಂದ ಅಲ್ಲವೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಿಮ್ಮ ಸಹೋದ್ಯೋಗಿಯ ಎರಡನೆಯ ಆರೋಪ ಪೂರ್ತಿ ತಲೆಕೆಳಗಾಗಿದೆ. 1980ರಲ್ಲಿ ಬಂದ ‘ಡೋಂಟ್ ಲೀವ್ ಮಿ ದಿಸ್ ವೇ’ ಎಂಬ ಎಕ್ಸೈಲ್ ಎಲ್‌ಪಿಯನ್ನು ಹುಡುಕಿ ನೋಡಿ. ಅದರಲ್ಲಿ ‘ಟೇಕ್ ಮಿ ಡೌನ್’ ಮತ್ತು ‘ದ ಕ್ಲೋಸರ್ ಯು ಗೆಟ್’ ಎಂಬ ಎರಡು ಹಾಡುಗಳಿವೆ. ಎರಡನ್ನೂ ಬರೆದವರು ಪೆನ್ನಿಂಗ್ಟನ್ ಮತ್ತು ಆಗ ತಂಡದಲ್ಲಿದ್ದ ಮಾರ್ಕ್ ಗ್ರೇ. ಪಾಪ್ ಲೋಕ ಇವನ್ನು ಗಮನಿಸಲಿಲ್ಲ. ಅಲಬಾಮಾ ತಂಡ ಗಮನಿಸಿತು. ಅವರು ಹಾಡಿದ ‘ಟೇಕ್ ಮಿ ಡೌನ್’ 1982ರಲ್ಲಿ, ‘ದ ಕ್ಲೋಸರ್ ಯು ಗೆಟ್’ 1983ರಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿದವು. ಎರಡನೆಯದು ಅಲಬಾಮಾ ಆಲ್ಬಮ್ಮೊಂದರ ಶೀರ್ಷಿಕೆಯೂ ಆಯಿತು. ಮೂಲ ಎಕ್ಸೈಲ್‌ದು, ಮರುಗಾಯನ ಅಲಬಾಮಾದ್ದು. ಮರುಗಾಯನ ಹೆಚ್ಚು ಪ್ರಸಿದ್ಧವಾದಾಗ ಮೂಲವೇ ನಕಲಿನಂತೆ ಕಾಣುವ ಈ ಗೊಂದಲವನ್ನು ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಸಾಧ್ಯವಾದರೆ ‘ಟೇಕ್ ಮಿ ಡೌನ್’ ಹಾಡಿನ ಎರಡೂ ರೂಪಗಳನ್ನು ಒಂದಾದ ಮೇಲೊಂದು ಕೇಳಿ. ಎಕ್ಸೈಲ್ ಹಾಡಿರುವುದು ಪಾಪ್ ರಾಕ್ ಎಂದು ಮಾರಾಟವಾದದ್ದು, ಅಲಬಾಮಾ ಹಾಡಿರುವುದು ಕಂಟ್ರಿ ಎಂದು ಮಾರಾಟವಾದದ್ದು. ಪಲ್ಲವಿಗೆ ಮೂರು ದನಿಗಳು ಒಟ್ಟಾಗಿ ಏರುವ ರೀತಿ, ತಾಳದ ನಡೆ, ರಾಗದ ತಿರುವು ಎರಡರಲ್ಲೂ ಬಹುಮಟ್ಟಿಗೆ ಒಂದೇ. ಉಚ್ಚಾರ ತುಸು ಬೇರೆ, ವಾದ್ಯಗಳ ಹೊಳಪು ತುಸು ಬೇರೆ. ರಾಕ್ ಮತ್ತು ಕಂಟ್ರಿ ನಡುವೆ ಕೋಟೆಗೋಡೆ ಇದೆಯೆಂದು ನಂಬಿದವರು ಈ ಎರಡು ಧ್ವನಿಮುದ್ರಣಗಳ ನಡುವೆ ಆ ಗೋಡೆ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲಾರರು. ಅದೇ ಸುಮಾರಿಗೆ ಗ್ರೇ ಮತ್ತು ತಂಡದ ಇನ್ನೊಬ್ಬ ಸದಸ್ಯ ಲೆಸ್ ಟೇಲರ್ ಸಹಲೇಖಕರಾಗಿದ್ದ ಇನ್ನೊಂದು ಹಾಡು ಜೇನಿ ಫ್ರಿಕಿ ಎಂಬ ಕಂಟ್ರಿ ಗಾಯಕಿಯ ದನಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು. ಅಂದರೆ ಎಕ್ಸೈಲ್ ಕಂಟ್ರಿಗೆ ಹೋಗುವ ಮೊದಲೇ ಎಕ್ಸೈಲ್ ಸದಸ್ಯರು ಬರೆದ ಹಾಡುಗಳು ಅಲ್ಲಿಗೆ ಹೋಗಿ ಗೆದ್ದಾಗಿತ್ತು, ಮತ್ತು ಈ ಸಲ ರೇಡಿಯೊ ಹಣ ಬರೆದವರ ಮನೆಗೆ ಬರತೊಡಗಿತ್ತು.

ಹಾಗಾದರೆ ದುಡ್ಡು ಕಾರಣವೇ? ಹೌದು, ಒಂದು ಕಾರಣ. ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ತಮ್ಮ ಹಾಡುಗಳನ್ನು ಬೇರೆಯವರು ಹಾಡಿ ಗೆಲ್ಲುತ್ತಿರುವಾಗ, ತಾವೇ ಏಕೆ ಹಾಡಬಾರದೆಂದು ಕೇಳಿಕೊಳ್ಳುವುದು ಯಾವ ಕಸುಬಿನವರಿಗೂ ಸಹಜ. ಕಾಲವೂ ಅನುಕೂಲವಾಗಿತ್ತು. ಅದುವರೆಗೆ ಕಂಟ್ರಿ ಸಂಗೀತದ ರಾಜಧಾನಿಯಂತಿರುವ ನ್ಯಾಶ್‌ವಿಲ್‌ನ ರೆಕಾರ್ಡ್ ಕಂಪನಿಗಳಿಗೆ ಬೇಕಾಗಿದ್ದದ್ದು ಏಕಗಾಯಕರು ಅಥವಾ ಗಾಯನವೃಂದಗಳು. ಸ್ಟುಡಿಯೊದಲ್ಲಿ ನುಡಿಸಲು ನುರಿತ ಬಾಡಿಗೆ ವಾದಕರ ಪಡೆಯೇ ಇತ್ತು. ಬರೆಯುವುದು, ಹಾಡುವುದು, ನುಡಿಸುವುದು ಮೂರನ್ನೂ ತಾನೇ ಮಾಡುವ ರಾಕ್ ಮಾದರಿಯ ತಂಡವನ್ನು ಅಲ್ಲಿ ಅನುಮಾನದಿಂದ ನೋಡುತ್ತಿದ್ದರು. 1968ರಲ್ಲಿ ಬರ್ಡ್ಸ್ ಎಂಬ ಹೆಸರಾಂತ ರಾಕ್ ತಂಡ ಕಂಟ್ರಿ ಹಾಡಲು ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆ ಏರಿದಾಗ ಸಭಿಕರು ಅವರನ್ನು ಮೂದಲಿಸಿದ್ದರು. 1980ರಲ್ಲಿ ಆರ್‌ಸಿಎ ಕಂಪನಿ ಸೇರಿದ ಅಲಬಾಮಾ ತಂಡದ ಗೆಲುವು ಆ ಅನುಮಾನವನ್ನು ಅಳಿಸಿಹಾಕಿತು. ತಂಡಗಳಿಗಾಗಿ ಹುಡುಕುತ್ತಿದ್ದ ನ್ಯಾಶ್‌ವಿಲ್ ಮತ್ತು ನೆಲೆಗಾಗಿ ಹುಡುಕುತ್ತಿದ್ದ ಎಕ್ಸೈಲ್ ಅಲ್ಲಿ ಎದುರುಬದುರಾದವು.

1983ರಲ್ಲಿ ಎಪಿಕ್ ಕಂಪನಿಯ ನ್ಯಾಶ್‌ವಿಲ್ ಶಾಖೆಗೆ ಸೇರಿದಾಗ ತಂಡದಲ್ಲಿದ್ದವರು ಐವರು: ಪೆನ್ನಿಂಗ್ಟನ್, ಲೆಸ್ ಟೇಲರ್, ಬೇಸ್ ನುಡಿಸುವ ಸನಿ ಲೆಮೇರ್, ಕೀಬೋರ್ಡಿನ ಮಾರ್ಲನ್ ಹಾರ್ಗಿಸ್, ಡ್ರಮ್ಸ್‌ನ ಸ್ಟೀವ್ ಗೆಟ್ಸ್‌ಮನ್. ನಿರ್ಮಾಪಕರು ಬಡ್ಡಿ ಕಿಲೆನ್. ಮೊದಲ ಸಿಂಗಲ್ (ಬಿಡಿಯಾಗಿ ಹೊರತಂದ ಹಾಡು) ‘ಹೈ ಕಾಸ್ಟ್ ಆಫ್ ಲೀವಿಂಗ್’ 27ನೆಯ ಸ್ಥಾನದಲ್ಲೇ ನಿಂತಿತು. ಎರಡನೆಯದಾದ ‘ವೋಕ್ ಅಪ್ ಇನ್ ಲವ್’ 1984ರ ಆರಂಭದಲ್ಲಿ ಮೊದಲ ಸ್ಥಾನ ಮುಟ್ಟಿತು. ಅಲ್ಲಿಂದ 1987ರವರೆಗೆ ಒಟ್ಟು ಹತ್ತು ಹಾಡುಗಳು ಕಂಟ್ರಿ ಪಟ್ಟಿಯ ಅಗ್ರಸ್ಥಾನ ಕಂಡವು. ಈಗ ಮತ್ತೆ ಲೇಬಲ್ ಓದಿ. ‘ವೋಕ್ ಅಪ್ ಇನ್ ಲವ್’ ಪೆನ್ನಿಂಗ್ಟನ್ ಒಬ್ಬರೇ ಬರೆದದ್ದು. ಉಳಿದವುಗಳಲ್ಲಿ ಮತ್ತೆ ಮತ್ತೆ ಎದುರಾಗುವುದು ಪೆನ್ನಿಂಗ್ಟನ್ ಮತ್ತು ಲೆಮೇರ್ ಎಂಬ ಎರಡೇ ಹೆಸರು. ನನ್ನ ಅಭಿಪ್ರಾಯದಲ್ಲಿ ಈ ತಂಡ ತನ್ನ ಸ್ವಂತ ದನಿಯನ್ನು ಧ್ವನಿಮುದ್ರಿಸಿದ್ದು ಕಂಟ್ರಿಯ ಈ ನಾಲ್ಕು ವರ್ಷಗಳಲ್ಲೇ. ರಾಕ್ ಕಾಲದಲ್ಲಿ ಅವರು ಇನ್ನೊಬ್ಬರ ಹಾಡಿಗೆ ಸೊಗಸಾಗಿ ಕೊರಳು ಕೊಟ್ಟಿದ್ದರು. ತಮ್ಮತನ ಮಾರಿಕೊಂಡರೆಂಬ ಆರೋಪ ಅಷ್ಟರಮಟ್ಟಿಗೆ ನಿಲ್ಲುವುದಿಲ್ಲ.

ಆದರೆ ‘ಹತ್ತು ಅಗ್ರಸ್ಥಾನ’ ಎಂಬ ಮಾತನ್ನು ಅಭಿಮಾನಿಗಳು ಬಳಸುವ ರೀತಿಗೂ ನನ್ನ ತಕರಾರಿದೆ. 1980ರ ದಶಕದ ನಡುವಿನಲ್ಲಿ ಕಂಟ್ರಿ ಪಟ್ಟಿಯ ತುದಿಯಲ್ಲಿ ಬಹುತೇಕ ಪ್ರತಿ ವಾರವೂ ಹೊಸ ಹಾಡು ಕೂರುತ್ತಿತ್ತು. ರೇಡಿಯೊ ಕೇಂದ್ರಗಳು ತಾವೇ ಕಳಿಸುವ ವರದಿಗಳಿಗೆ ಅಲ್ಲಿ ದೊಡ್ಡ ತೂಕವಿತ್ತು. ಪ್ರಸಾರವನ್ನು ಯಂತ್ರದಿಂದ ಲೆಕ್ಕ ಹಾಕುವ ಪದ್ಧತಿ ಬಂದದ್ದು 1990ರ ಜನವರಿಯಲ್ಲಿ. ಹಾಗಾಗಿ 1978ರಲ್ಲಿ ಪಾಪ್ ಪಟ್ಟಿಯಲ್ಲಿ ನಾಲ್ಕು ವಾರ ನಿಂತ ಒಂದು ಹಾಡನ್ನೂ 1985ರಲ್ಲಿ ಕಂಟ್ರಿ ಪಟ್ಟಿಯಲ್ಲಿ ಒಂದು ವಾರ ನಿಂತ ಹಾಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲ. ಹತ್ತು ಅಗ್ರಸ್ಥಾನ ಹೇಳುವುದು ರೇಡಿಯೊದ ನಿರಂತರ ವಿಶ್ವಾಸವನ್ನು. ಜನಪ್ರಿಯತೆಯ ವಿಸ್ತಾರವನ್ನು ಹೇಳುವುದು ಆ ಒಂದು ಪಾಪ್ ಹಾಡೇ. ನಿಮ್ಮ ತಂದೆಯವರ ಕ್ಯಾಸೆಟ್ಟಿಗೆ ಬಂದು ಸೇರಿದ್ದು ಯಾವುದೆಂದು ನೀವೇ ನೋಡಿದ್ದೀರಿ.

ಮುಂದಿನ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. 1986ರಲ್ಲಿ ರ‍್ಯಾಂಡಿ ಟ್ರಾವಿಸ್, ಡ್ವೈಟ್ ಯೋಕಮ್ ಮುಂತಾದವರು ಸ್ಟೀಲ್ ಗಿಟಾರ್, ಫಿಡಲ್‌ಗಳನ್ನು ಮತ್ತೆ ಮುಂದಕ್ಕೆ ತಂದು ಹಳೆಯ ಶೈಲಿಗೆ ಮರುಜೀವ ಕೊಟ್ಟರು. ಎಕ್ಸೈಲ್‌ನಂತಹ ಪಾಪ್ ಹೊಳಪಿನ ತಂಡಗಳು ಅದರೆದುರು ಹಳೆಯವಾಗಿ ಕೇಳಿಸಿದವು. ತಂಡ ಅದಕ್ಕೆ ತದ್ವಿರುದ್ಧ ದಿಕ್ಕಿಗೆ ನಡೆಯಿತು: 1987ರ ‘ಶೆಲ್ಟರ್ ಫ್ರಮ್ ದ ನೈಟ್’ ಆಲ್ಬಮ್ಮನ್ನು ಸ್ಟೀಲಿ ಡ್ಯಾನ್ ಎಂಬ ರಾಕ್ ತಂಡದ ಧ್ವನಿಮುದ್ರಣಗಳಿಂದ ಹೆಸರಾದ ಎಲಿಯಟ್ ಶೈನರ್ ಅವರಿಂದ ಮಾಡಿಸಿತು. ಅದರ ಮೊದಲ ಎರಡು ಹಾಡುಗಳು ಅಗ್ರಸ್ಥಾನ ಕಂಡವು, ಮುಂದಿನವು ಜಾರಿದವು. ದುಡ್ಡಷ್ಟೇ ಗುರಿಯಾಗಿದ್ದರೆ ಆ ವರ್ಷ ಅವರು ಮಾಡಬೇಕಾಗಿದ್ದದ್ದು ಫಿಡಲ್ ತುಂಬಿದ ಆಲ್ಬಮ್; ಅವರು ಮಾಡಲಿಲ್ಲ. ಇದನ್ನು ನಿಮ್ಮ ಸಹೋದ್ಯೋಗಿಗೆ ಹೇಳಬಹುದು. ಹಾರ್ಗಿಸ್ 1985ರಲ್ಲೇ ಹೊರಟಿದ್ದರು. 1988ರಲ್ಲಿ ಟೇಲರ್, ಮರುವರ್ಷ ಪೆನ್ನಿಂಗ್ಟನ್ ಹೊರಟರು. ಉಳಿದವರು ಹೊಸಬರನ್ನು ಸೇರಿಸಿಕೊಂಡು ಆಗತಾನೆ ಶುರುವಾಗಿದ್ದ ಅರಿಸ್ಟಾ ನ್ಯಾಶ್‌ವಿಲ್ ಕಂಪನಿಗೆ ‘ಸ್ಟಿಲ್ ಸ್ಟ್ಯಾಂಡಿಂಗ್’ ಮತ್ತು ‘ಜಸ್ಟಿಸ್’ ಎಂಬ ಎರಡು ಆಲ್ಬಮ್ ಮಾಡಿಕೊಟ್ಟರು. 1990ರಲ್ಲಿ ‘ನೋಬಡೀಸ್ ಟಾಕಿಂಗ್’ ಎರಡನೆಯ ಸ್ಥಾನದವರೆಗೆ ಹೋಯಿತು. 1993ರಲ್ಲಿ ತಂಡ ಮುಚ್ಚಿತು. 1995ರಲ್ಲಿ ಪೆನ್ನಿಂಗ್ಟನ್ ಮತ್ತು ಟೇಲರ್ ಹೆಸರಿಗೆ ಮತ್ತೆ ಜೀವ ತುಂಬಿದರು, 2008ರಲ್ಲಿ 1983ರ ಐವರೂ ಒಂದುಗೂಡಿದರು, 2013ರಲ್ಲಿ ಕೆಂಟಕಿ ಸಂಗೀತ ಗೌರವ ಭವನ ಅವರನ್ನು ಸೇರಿಸಿಕೊಂಡಿತು. ಆ ಭವನ ಇರುವುದು ಅದೇ ರೆನ್ಫ್ರೊ ವ್ಯಾಲಿಯಲ್ಲಿ. ಸಿನ್ಸಿನ್ನಾಟಿಯಿಂದ 75ನೆಯ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ ರಿಚ್ಮಂಡ್ ದಾಟಿ ಮುಂದೆ ಸಿಗುತ್ತದೆ. ಹೋಗಿ ಬನ್ನಿ.

ಈಗ ಸಂಗ್ರಹದ ವಿಷಯ. ಮೊದಲು ತಿಳಿದಿರಬೇಕಾದದ್ದು, ರಾಕ್ ಕಾಲದ ಮೂಲ ಧ್ವನಿಮುದ್ರಣಗಳು ಬಂದದ್ದು ವಾರ್ನರ್ ಕರ್ಬ್ ಲೇಬಲ್ಲಿನಲ್ಲಿ, ಬ್ರಿಟನ್ನಿನಲ್ಲಿ ರ‍್ಯಾಕ್ ಲೇಬಲ್ಲಿನಲ್ಲಿ. ಕಂಟ್ರಿ ಕಾಲದವು ಎಪಿಕ್‌ನಲ್ಲಿ, ಕೊನೆಯವು ಅರಿಸ್ಟಾದಲ್ಲಿ. ಒಡೆತನ ಹೀಗೆ ಹಂಚಿಹೋದಾಗ ಎಲ್ಲ ಕಾಲದ ಮೂಲ ಹಾಡುಗಳೂ ಒಂದೇ ಡಿಸ್ಕಿನಲ್ಲಿ ಸಿಗುವುದು ಕಷ್ಟ. ‘ಎಲ್ಲ ಜನಪ್ರಿಯ ಹಾಡುಗಳು’ ಎಂದು ಕಡಿಮೆ ಬೆಲೆಗೆ ಕಾಣುವ ಸಂಕಲನಗಳ ಬಗ್ಗೆ ಎಚ್ಚರ ಬೇಕಾಗಿರುವುದು ಇದಕ್ಕಾಗಿಯೇ. ಮೂಲದ ಹಕ್ಕು ಕಂಪನಿಯ ಕೈಯಲ್ಲಿರುವಾಗ ಹಳೆಯ ತಂಡಗಳು ತಮ್ಮ ಹಾಡುಗಳನ್ನು ಹೊಸದಾಗಿ ಹಾಡಿ ಬೇರೆ ಲೇಬಲ್ಲಿಗೆ ಕೊಡುವುದು ಉದ್ಯಮದಲ್ಲಿ ಸಾಮಾನ್ಯ. ಅದರಲ್ಲಿ ಮೋಸವೇನಿಲ್ಲ, ತಂಡಕ್ಕೆ ನಾಲ್ಕು ಕಾಸು ಬರುವ ದಾರಿಯೂ ಅದೇ. ಕೊಳ್ಳುವವರಿಗೆ ಗೊತ್ತಾಗದಂತೆ ಮಾರಿದರೆ ಮಾತ್ರ ಅನ್ಯಾಯ. ನಿಮಗೆ ದನಿ ಬೇರೆ ಕೇಳಿಸಿದ್ದರ ಹಿಂದೆ ಇಂತಹ ಮರುಧ್ವನಿಮುದ್ರಣವೇ ಇರುವ ಸಾಧ್ಯತೆ ಹೆಚ್ಚು. ‘ಕಿಸ್ ಯು ಆಲ್ ಓವರ್’ ವಿಷಯದಲ್ಲಿ ಪರೀಕ್ಷೆ ಸುಲಭ: ಸ್ಟೋಕ್ಲಿ 1979ರ ಬಳಿಕ ತಂಡದಲ್ಲಿರಲಿಲ್ಲ, 1985ರ ಬಳಿಕ ಬದುಕಿರಲಿಲ್ಲ. ವೃತ್ತದೊಳಗೆ ‘ಪಿ’ ಅಕ್ಷರವಿರುವ ಸಾಲಿನಲ್ಲಿ ಧ್ವನಿಮುದ್ರಣದ ಹಕ್ಕಿನ ವರ್ಷ ಇರುತ್ತದೆ. ಅಲ್ಲಿ 1978ರ ಬದಲು 1990ರ ದಶಕದ ಯಾವುದಾದರೂ ವರ್ಷವೂ ಅಪರಿಚಿತ ಲೇಬಲ್ಲೂ ಇದ್ದರೆ ಅನುಮಾನಿಸಿ. ಆದರೆ ಸಂಕಲನ ಹೊರಬಂದ ವರ್ಷವನ್ನೇ ಅಲ್ಲಿ ಹಾಕುವ ರೂಢಿಯೂ ಇರುವುದರಿಂದ, ಕಡೆಗೆ ನಂಬಬೇಕಾದದ್ದು ಕಿವಿಯನ್ನೇ. ಅವಧಿ ಹೆಚ್ಚು ಕಡಿಮೆ ಇದೆಯೆಂದ ಮಾತ್ರಕ್ಕೆ ನಕಲು ಎನ್ನಬೇಡಿ. ಆಲ್ಬಮ್ಮಿನಲ್ಲಿರುವ ಮೂಲ ರೂಪ ಸಿಂಗಲ್‌ಗಾಗಿ ಕತ್ತರಿಸಿದ ರೂಪಕ್ಕಿಂತ ಉದ್ದವಾಗಿದೆ.

ಮೂಲ ಎಲ್‌ಪಿಗಳನ್ನು ಕೊಳ್ಳುವುದೇ ನನ್ನ ಮೊದಲ ಸಲಹೆ. ನೀವಿರುವ ಪ್ರದೇಶದಲ್ಲಿ ಈ ತಂಡದ ತಟ್ಟೆಗಳು ಅಪರೂಪವಲ್ಲ, ಆತುರಪಡುವ ಅಗತ್ಯವಿಲ್ಲ. ಇದರ ಅಪಾಯ ಸವೆತ. ‘ಕಿಸ್ ಯು ಆಲ್ ಓವರ್’ ಇರುವ ಎಲ್‌ಪಿ ‘ಮಿಕ್ಸ್ಡ್ ಎಮೋಷನ್ಸ್’. ಕೂಟಗಳಲ್ಲಿ ಮತ್ತೆ ಮತ್ತೆ ಹಾಕಿದ ಅದರ ಪ್ರತಿಗಳಲ್ಲಿ ಆ ಜನಪ್ರಿಯ ಹಾಡಿನ ಗೀರುಗಳೇ ಹೆಚ್ಚು ಸವೆದಿರುತ್ತವೆ. ದೀಪದ ಕೆಳಗೆ ತಟ್ಟೆಯನ್ನು ಓರೆಯಾಗಿ ಹಿಡಿದಾಗ ಆ ಪಟ್ಟಿಯಷ್ಟೇ ಮಂಕಾಗಿ, ಬೂದು ಬಣ್ಣಕ್ಕೆ ತಿರುಗಿದಂತೆ ಕಂಡರೆ ಬಿಟ್ಟುಬಿಡಿ; ತೊಳೆದರೆ ಧೂಳು ಹೋಗುತ್ತದೆ, ಸವೆತ ಹೋಗುವುದಿಲ್ಲ. ಹೆಸರಿನ ಗೊಂದಲವೂ ಇದೆ: ‘ಎಕ್ಸೈಲ್’ ಎಂಬ ಒಂದೇ ಶೀರ್ಷಿಕೆಯ ಎರಡು ಎಲ್‌ಪಿಗಳಿವೆ, 1973ರ ವುಡನ್ ನಿಕಲ್‌ದೊಂದು, 1983ರ ಎಪಿಕ್‌ದೊಂದು. ಫೋನಿನಲ್ಲಿ ಅಥವಾ ಅಂಚೆಯಲ್ಲಿ ತರಿಸುವಾಗ ಲೇಬಲ್ ಹೆಸರು ಕೇಳದೆ ಹಣ ಕೊಡಬೇಡಿ.

ಎಪಿಕ್‌ನ 1986ರ ಜನಪ್ರಿಯ ಹಾಡುಗಳ ಸಂಕಲನ ಕಂಟ್ರಿ ಕಾಲಕ್ಕೆ ಒಳ್ಳೆಯ ಪ್ರವೇಶ, ಆದರೆ 1987ರಲ್ಲಿ ಅಗ್ರಸ್ಥಾನ ಕಂಡ ಎರಡು ಹಾಡುಗಳು ಅದರಲ್ಲಿ ಇರಲು ಸಾಧ್ಯವಿಲ್ಲ. ಇಂಟರ್‌ನೆಟ್ ಸೇವೆಗಳಲ್ಲಿ ಕೇಳುವುದಾದರೆ ಇನ್ನೊಂದು ತೊಡಕು: ಜಪಾನಿನಲ್ಲಿ ಇದೇ ಹೆಸರಿನ, 2001ರಿಂದ ಹಾಡುತ್ತಿರುವ ಬಹಳ ದೊಡ್ಡ ಪಾಪ್ ತಂಡವಿದೆ. ಹೆಸರು ಹಾಕಿ ಹುಡುಕಿದರೆ ಬಹುಮಟ್ಟಿಗೆ ಅವರೇ ಸಿಗುತ್ತಾರೆ. ಆದ್ದರಿಂದ ಹಾಡಿನ ಅಥವಾ ಆಲ್ಬಮ್ಮಿನ ಹೆಸರು ಸೇರಿಸಿ ಹುಡುಕಿ.

ಯಾವುದರಿಂದ ಶುರು ಮಾಡಬೇಕೆಂದರೆ, ‘ಕೆಂಟಕಿ ಹಾರ್ಟ್ಸ್’ ಆಗಲೇ ನಿಮ್ಮ ಬಳಿ ಇದೆ. ಕಂಟ್ರಿ ಕಾಲದ ಅತ್ಯುತ್ತಮ ಆಲ್ಬಮ್ ಅದೇ ಎಂದು ನನ್ನ ಎಣಿಕೆ. ಅದರ ಜೊತೆಗೆ 1978ರ ‘ಮಿಕ್ಸ್ಡ್ ಎಮೋಷನ್ಸ್’ ಮತ್ತು 1980ರ ‘ಡೋಂಟ್ ಲೀವ್ ಮಿ ದಿಸ್ ವೇ’ ತನ್ನಿ. ಈ ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ 1980ರದನ್ನು ಬಿಡಬೇಡಿ. ಅದರಲ್ಲಿ ದೊಡ್ಡ ಗೆಲುವಿನ ಹಾಡು ಒಂದೂ ಇಲ್ಲವಾದ್ದರಿಂದ ಅಂಗಡಿಗಳು ಅದಕ್ಕೆ ಬೆಲೆ ಕಟ್ಟುವುದು ಕಡಿಮೆ, ಸವೆತವೂ ಕಡಿಮೆ ಇರುತ್ತದೆ. ‘ಟೇಕ್ ಮಿ ಡೌನ್’ ಹಾಡನ್ನು ನಿಮ್ಮ ಸಹೋದ್ಯೋಗಿಗೆ ಕೇಳಿಸಿ, ಹೊದಿಕೆಯ ಹಿಂದಿನ ವರ್ಷವನ್ನೂ ಲೇಬಲ್ಲಿನ ಮೇಲಿರುವ ಗ್ರೇ, ಪೆನ್ನಿಂಗ್ಟನ್ ಎಂಬ ಹೆಸರುಗಳನ್ನೂ ಅವರಿಗೆ ತೋರಿಸಿ.